ಹಾರಬೇಡಿ, ಹಗ್ಗ ಎಸೆಯಿರಿ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಆ ಮನೆಯಲ್ಲಿ ಮೂರು ದಿನದಿಂದ ಗಂಡ ಹೆಂಡತಿಗೆ ಮಾತಿಲ್ಲ. ಕಾರಣ ಒಂದು ಹಾಳೆ. ಮಂಗಳಾಗೌರಿ ಅದನ್ನು ರೊಟ್ಟಿ ಡಬ್ಬಿಯ ಕೆಳಗೆ ಇಟ್ಟುಬಿಟ್ಟಿದ್ದಳು. ಸಹಿಯನ್ನೂ ಹಾಕಲಿಲ್ಲ, ಹರಿದೂ ಹಾಕಲಿಲ್ಲ.

ಅದು ತೊಂಬತ್ಮೂರನೇ ಇಸವಿ. ಗಂಡ ಇಂದುಧರನ ಹದಿನೈದು ವರ್ಷದ ನೌಕಾಪಡೆ ನೌಕರಿ ಜೂನ್‌ಗೆ ಮುಗಿಯುವುದಿತ್ತು. ಅವನ ಜೊತೆಯವರು ದ್ವಾರಕಾ ನಗರದ ಬ್ಯಾಂಕುಗಳಲ್ಲಿ ಕಾವಲಿನ ಕೆಲಸ ಹಿಡಿದರು. ಈ ಮಹಾರಾಯ ಮಾತ್ರ ರಜೆ ಹಾಕಿ ಹೃಷಿಕೇಶಕ್ಕೆ ಹೋಗಿ, ಗಂಗೆಯ ರಭಸದ ನೀರಿನಲ್ಲಿ ರಬ್ಬರ್ ದೋಣಿ ನಡೆಸುವವರ ಶಿಬಿರದಲ್ಲಿ ಹತ್ತು ದಿನ ಇದ್ದು ಬಂದಿದ್ದ. ಜನರನ್ನು ಕೂರಿಸಿಕೊಂಡು ಬಂಡೆ, ಸುಳಿಗಳನ್ನು ದಾಟಿಸುವವನಿಗೆ ರಾಫ್ಟಿಂಗ್ ಗೈಡ್ ಎನ್ನುತ್ತಾರೆ. ಆ ಕೆಲಸ ಕಲಿಯಲು ಮೂರು ತಿಂಗಳು ಬಾ ಎಂದು ಶಿಬಿರದವರು ಕರೆದಿದ್ದರು. ಆದರೆ ಅವರು ಕೊಟ್ಟ ಆ ಹಾಳೆಗೆ ಮನೆಯವರ ಒಪ್ಪಿಗೆಯ ಸಹಿ ಬೇಕಿತ್ತು.

ಮಂಗಳಾಗೌರಿ ಸುಮ್ಮಸುಮ್ಮನೆ ಹಟ ಹಿಡಿಯುವವಳಲ್ಲ. ಅವಳ ತವರು ಜಮಖಂಡಿ ಕಡೆ, ಕೃಷ್ಣೆಯ ದಂಡೆಯಲ್ಲಿ. ಒಬ್ಬನೇ ತಮ್ಮ ಶಂಕರಪ್ಪ ತುಂಬಿದ ಹೊಳೆಯನ್ನೂ ಈಜಿ ಆಚೆ ದಡ ಮುಟ್ಟಿ ಬರುತ್ತಿದ್ದ. ಒಂದು ದಿನ ಮುಳುಗುತ್ತಿದ್ದ ಗೆಳೆಯನನ್ನು ಎಳೆದು ತರಲು ಹಾರಿದ. ಗಾಬರಿಬಿದ್ದ ಗೆಳೆಯ ಅವನ ಕುತ್ತಿಗೆ ತಬ್ಬಿಕೊಂಡ. ಇಬ್ಬರೂ ಮೇಲೆ ಬರಲಿಲ್ಲ.

ನಾಲ್ಕನೆಯ ದಿನ ಅವಳೇ ಬಾಯಿ ಬಿಟ್ಟಳು.

"ಹದಿನೈದು ವರ್ಷ ನೀವು ಸಮುದ್ರದ ಮ್ಯಾಲ, ನಾ ಇಲ್ಲಿ ಜೀವ ಕೈಯಾಗ ಹಿಡಕೊಂಡು. ಇನ್ನೂ ನೀರಿನ ಸವಾಸ ಬೇಕೇನ್ರಿ? ಜೀವ ಇದ್ರ ಬೆಲ್ಲ ಬೇಡಿ ತಿನ್ನಬಹುದು."

"ಮಂಗಳಾ, ಒಂದು ಮಾತು ನಿನಗ ಹೇಳಿಲ್ಲ. ಅಲ್ಲಿ ಮೊದಲನೇ ಪರೀಕ್ಷಾದಾಗ ನಾ ಫೇಲಾದೆ."

"ನೀವು? ಈಜೂದ್ರಾಗ?"

"ಈಜಿದ್ದಕ್ಕ ಫೇಲಾದೆ! ಕಲಿಸಾವ್ರು ರಾಮಮೋಹನ್ ಅಂತ. ನೀರಾಗ ಬಿದ್ದು, ಮುಳುಗಾಕತ್ತವರಂಗ ಕೈ ಬಡದ್ರು. ನಾ ನೌಕಾಪಡೆಯಂವ, ಬಿಡ್ತೀನೇನು? ಧಡಕ್ಕನ ಹಾರಿದೆ. ಅವರು ನನ್ನ ಕುತ್ತಿಗಿ ಹೆಂಗ ಒತ್ತಿ ಹಿಡದ್ರಂದ್ರ, ಉಸಿರು ಸಿಗಲಿಲ್ಲ. ಆಮ್ಯಾಲ ದಡಕ್ಕ ಬಂದು ಅಂದ್ರು, 'ಒಂದು ಹೆಣ ಆಗೂದಿತ್ತು, ನೀ ಎರಡು ಮಾಡಿದಿ.' ಸೊನ್ನಿ ಕೊಟ್ರು."

ರೊಟ್ಟಿ ತಟ್ಟುತ್ತಿದ್ದ ಮಂಗಳಾಗೌರಿ ಹಿಟ್ಟನ್ನು ಬದಿಗಿಟ್ಟು ಅವನ ಕಡೆ ತಿರುಗಿದಳು.

"ಹಂಗಾದ್ರ ನಮ್ಮ ಶಂಕರಂದು ತಪ್ಪು ಅಂತೀರಿ?"

ಊರೆಲ್ಲ ಅವನನ್ನು ವೀರ ಎಂದು ಹೊಗಳಿತ್ತು. ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅದನ್ನೂ ಗಂಡ ಕಸಿದುಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಸಂಕಟವಾಯಿತು.

"ತಪ್ಪಲ್ಲ," ಎಂದ ಇಂದುಧರ ಮೆಲ್ಲಗೆ. "ಅವಂಗ ಧೈರ್ಯ ಇತ್ತು. ಬ್ಯಾರೆ ದಾರಿ ಐತಿ ಅಂತ ಯಾರೂ ಕಲಿಸಿರಲಿಲ್ಲ. ನಂಗೂ ಕಲಿಸಿರಲಿಲ್ಲ."

ಅಂದು ಸಂಜೆ ಅವನು ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿಗೆ, ಎಸೆಯಲು ತೂಕ ಬರಲೆಂದು ಎರಡು ಲೋಟ ನೀರು ಹಾಕಿ, ಮುಚ್ಚಳ ಬಿಗಿದು, ಹಿಡಿಕೆಗೆ ಐವತ್ತು ಅಡಿ ನೈಲಾನ್ ಹಗ್ಗ ಕಟ್ಟಿದ. ಇಬ್ಬರೂ ತಾರಸಿಗೆ ಹೋದರು.

"ಮೊದಲು ಕೋಲು ಚಾಚಬೇಕು. ಮುಟ್ಟಲಿಲ್ಲಂದ್ರ ಇದನ್ನ ಎಸೀಬೇಕು. ಡಬ್ಬಿ ಅವರನ್ನ ದಾಟಿ ಆಚೆ ಬೀಳಬೇಕು, ಹಗ್ಗ ಅವರ ಕೈಗೆ ಸಿಗಬೇಕು. ಹಗ್ಗಾನ ನಿನ್ನ ಕೈಗೆ ಸುತ್ತಿಕೋಬ್ಯಾಡ, ನಿನ್ನೂ ಎಳಕೊಂಡು ಹೋದೀತು. ಎಳಿಯೂಮುಂದ ನೆಲಕ್ಕ ಕುಂತುಬಿಡು."

ಅವಳ ಮೊದಲ ಎಸೆತ ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮ ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಬೈಗುಳವೂ ಬಿತ್ತು. ಹತ್ತನೆಯದು ಗುರಿ ಮುಟ್ಟಿತು. ಆದರೂ ಹಾಳೆ ರೊಟ್ಟಿ ಡಬ್ಬಿಯ ಕೆಳಗೇ ಇತ್ತು.

ಮರುವಾರ ಅವಳು ವಿಜಯವಾಡದ ಅಕ್ಕನ ಮನೆಗೆ ಹೊರಟಳು. ಇಂದುಧರನಿಗೆ ಡ್ಯೂಟಿ ಇತ್ತು. ಡಬ್ಬಿ, ಹಗ್ಗವನ್ನು ಚೀಲಕ್ಕೆ ಹಾಕಿಕೊಂಡವಳು ಅವಳೇ. "ಅಲ್ಲೂ ಹೊಳಿ ಐತೆಲ್ಲ," ಎಂದಳು, ಅಷ್ಟೇ.

ಅಕ್ಕನ ಗಂಡ ಶಿವಲಿಂಗಪ್ಪ ಅಲ್ಲಿನ ಒನ್ ಟೌನ್ ಬಡಾವಣೆಯ ಬ್ಯಾಂಕಿನಲ್ಲಿ ಅಧಿಕಾರಿ. ಭಾನುವಾರ ಬೆಳಿಗ್ಗೆ ಎಲ್ಲರೂ ಕೃಷ್ಣೆಗೆ ಸ್ನಾನಕ್ಕೆ ಹೋದರು. ತವರಿನ ಅದೇ ಹೊಳೆ ಇಲ್ಲಿ ಸಮುದ್ರದಷ್ಟು ಅಗಲವಾಗಿತ್ತು. ಮಂಗಳಾಗೌರಿ ಡಬ್ಬಿಗೆ ಎರಡು ಲೋಟದಷ್ಟು ನೀರು ತುಂಬಿಕೊಂಡು ಮೆಟ್ಟಿಲ ಮೇಲೆ ಕುಳಿತಳು. ಶಿವಲಿಂಗಪ್ಪ ನಕ್ಕ. "ಏನವಾ, ಹೊಳಿಗೆ ಬಂದು ಎಣ್ಣಿ ಮಾರ್ತೀಯೇನು?"

ನಗು ಮುಗಿದಿರಲಿಲ್ಲ. ಸ್ನಾನಘಟ್ಟದಲ್ಲಿ ಹೂ ಮಾರುವ ಗಂಗಾಭವಾನಿ ಎಂಬವಳು ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರಿ ನೀರಿಗೆ ಬಿದ್ದಳು. ನೋಡುತ್ತಿದ್ದಂತೆ ಸೆಳವು ಅವಳನ್ನು ಇಪ್ಪತ್ತು ಅಡಿ ಒಯ್ದಿತು. ಜನ ಕೂಗಿದರು. ಶಿವಲಿಂಗಪ್ಪ ಹಾರಲು ಮುಂದಾದ. ಮಂಗಳಾಗೌರಿ ಅವನ ತೋಳು ಹಿಡಿದಳು.

"ಮಾವಾರ, ಹಾರಬ್ಯಾಡ್ರಿ!"

"ಬಿಡು, ನಂಗ ಈಜು ಬರ್ತೈತಿ!"

"ನಮ್ಮ ಶಂಕರಗೂ ಬರ್ತಿತ್ತ್ರೀ!"

ಶಿವಲಿಂಗಪ್ಪ ನಿಂತುಬಿಟ್ಟ.

ಅವಳು ಎಸೆದಳು. ಡಬ್ಬಿ ಅವಳನ್ನು ಮುಟ್ಟದೆ ಈಚೆಗೇ ಬಿತ್ತು. ಸರಸರನೆ ಎಳೆದುಕೊಂಡು ಮತ್ತೆ ಎಸೆದಳು. ಈ ಸಲ ಅದು ಗಂಗಾಭವಾನಿಯ ತಲೆ ದಾಟಿ ಬಿತ್ತು. "ತಾಡು ಪಟ್ಟುಕೋ ಅಮ್ಮಾ, ಪಟ್ಟುಕೋ!" ಎಂದು, ಹಗ್ಗ ಹಿಡಿದುಕೊಳ್ಳುವಂತೆ ಮಂಗಳಾಗೌರಿ ತೆಲುಗಿನಲ್ಲಿ ಕಿರುಚಿದಳು. ಎರಡು ಕೈ ಹಗ್ಗವನ್ನು ಹಿಡಿದವು. ಮಂಗಳಾಗೌರಿ ಮೆಟ್ಟಿಲ ಮೇಲೆ ಕುಕ್ಕರಿಸಿ ಕಾಲು ಊರಿದಳು. ಹಿಂದಿನಿಂದ ಶಿವಲಿಂಗಪ್ಪನೂ ಹಗ್ಗ ಹಿಡಿದ. ಗಂಗಾಭವಾನಿ ಕೆಮ್ಮುತ್ತಾ ದಡ ಸೇರಿದಳು.

"ಇದನ್ನ ಎಲ್ಲಿ ಕಲ್ತಿ?" ಎಂದ ಶಿವಲಿಂಗಪ್ಪ.

"ನಮ್ಮ ಮನಿಯವರು ಕಲಿಸಿದ್ರು. ಅವರಿಗೆ ಒಬ್ಬರು ಕಲಿಸಿದ್ರು," ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಅಂದು ತವರಿನ ಹೊಳೆಯ ದಂಡೆಯಲ್ಲೂ ಹೀಗೇ ನೂರು ಜನ ನಿಂತಿದ್ದರು. ಒಬ್ಬರ ಕೈಯಲ್ಲೂ ಹಗ್ಗ ಇರಲಿಲ್ಲ.

ವಿಶಾಖಪಟ್ಟಣಕ್ಕೆ ಮರಳಿದವಳು ಚಪ್ಪಲಿ ಬಿಟ್ಟವಳೇ ರೊಟ್ಟಿ ಡಬ್ಬಿ ಎತ್ತಿ ಹಾಳೆಗೆ ಸಹಿ ಹಾಕಿದಳು.

"ಹೋಗ್ರಿ. ಪೂರಾ ಮೂರು ತಿಂಗಳು ಕಲ್ತು ಬರ್ರಿ. ಅರ್ಧಕ್ಕ ಬಂದ್ರ ಮನಿಯೊಳಗ ಸೇರಿಸೂದಿಲ್ಲ. ಕಲ್ತಮ್ಯಾಲ ಮೊದಲು ನಮ್ಮೂರ ಹೊಳಿಗೆ ಬಂದು ಕಲಿಸಬೇಕು."

ಇಂದುಧರ ಹಾಗೆಯೇ ಮಾಡಿದ. ಈಗ ಅವಳ ತವರೂರಿನ ಹೊಳೆ ದಂಡೆಯ ಬೇವಿನ ಮರದಲ್ಲಿ ಒಂದು ಡಬ್ಬಿ, ಒಂದು ಹಗ್ಗ ತೂಗುತ್ತವೆ. ಜನ ಅದನ್ನು ಶಂಕರನ ಹಗ್ಗ ಎನ್ನುತ್ತಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದೋಣಿ ಹತ್ತುವಾಗ ನಡೆಸುವವರು ತರಬೇತಿ ಪಡೆದವರೇ ಎಂದು ಸಂಕೋಚವಿಲ್ಲದೆ ಕೇಳಿ. ತೇಲುವ ಜಾಕೆಟ್ ಕಟ್ಟಿಕೊಳ್ಳದೆ ಕೂರಬೇಡಿ. ಯಾರಾದರೂ ಮುಳುಗುತ್ತಿದ್ದರೆ ಕೂಗಿ ಜನ ಸೇರಿಸಿ, ಕೋಲು ಚಾಚಿ, ಹಗ್ಗ ಎಸೆಯಿರಿ, ಹಾರಬೇಡಿ. ನಿಮ್ಮೂರಿನ ಕೆರೆಯ ದಂಡೆಯಲ್ಲಿ ಹಗ್ಗವಿದೆಯೇ? ಇಲ್ಲವಾದರೆ ಮನೆಯ ಖಾಲಿ ಎಣ್ಣೆ ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಹಗ್ಗ ಕಟ್ಟಿ, ಇವತ್ತೇ ತೂಗುಹಾಕಿ ಬನ್ನಿ.