ಉಕ್ಕಬೇಕಾದ ಹಾಲು

ಮದುವೆಯಾಗಿ ಭಾಗ್ಯನಗರಕ್ಕೆ ಬಂದಾಗಿನಿಂದ ಅಮೃತಾಗೆ ಅತ್ತೆ ಕಳಕಮ್ಮನಿಂದ ದಿನಾ ಬೆಳಗ್ಗೆ ಒಂದೇ ಬೈಗುಳ: "ಹಾಲು ಉಕ್ಕಾಕತ್ತಾವ ನೋಡವಾ, ನಿನ್ನ ಖಬರ ಎಲ್ಲೈತಿ?"

ಇವತ್ತು ರಥಸಪ್ತಮಿ. ತಲೆ, ಭುಜದ ಮೇಲೆ ಎಕ್ಕದೆಲೆ ಇಟ್ಟುಕೊಂಡು ಮಿಂದ ಮನೆಮಂದಿಯೆಲ್ಲ ಅಂಗಳದಲ್ಲಿ ಸೂರ್ಯನಿಗೆ ಕೈಮುಗಿದು ನಿಂತಿದ್ದರು. ಸಗಣಿ ಕುಳ್ಳಿನ ಬೆಂಕಿಯ ಮೇಲೆ ಹಾಲಿನ ಗಡಿಗೆ. ಆ ಹಾಲು ಸೂರ್ಯನೆದುರು ಉಕ್ಕಿ ಚೆಲ್ಲಿದರೇ ಹಬ್ಬ. ಗಡಿಗೆ ಕಾಯುವ ಕೆಲಸ ಹೊಸ ಸೊಸೆಯದು.

ಹಾಲು ನೊರೆಗಟ್ಟಿ ಕಂಠಕ್ಕೆ ಬಂದದ್ದೇ ತಡ, ಅಮೃತಾ ಸೆರಗಿನಿಂದ ಗಡಿಗೆ ಹಿಡಿದು ಸರ್ರನೆ ಕೆಳಗಿಳಿಸಿಬಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಎಲ್ಲರೂ ಅವಳನ್ನೇ ನೋಡಿದರು. ಅವಳು ನಾಲಿಗೆ ಕಚ್ಚಿಕೊಂಡಳು.

"ತಪ್ಪು ನಂದೈತಿ ಸೂರ್ಯಪ್ಪಾ, ಬೈದು ಬೈದು ನಾನ ಹಿಂಗ ಕಲಿಸೀನಿ" ಎಂದು ಕಳಕಮ್ಮ ನಗುತ್ತ ಗಡಿಗೆಯನ್ನು ಮತ್ತೆ ಬೆಂಕಿಗಿಟ್ಟಳು. "ಇವತ್ತೊಂದಿನ ಉಕ್ಕಲಿ ಬಿಡವಾ. ನಾಳಿಂದ ಮತ್ತ ಬೈತೀನಿ."