ಹೂಂ ಅನ್ನುವವರು

"ಅಂವಾ ಒಂದ ಮಾತ ಕಳಿಸಿದ್ರ ಸಾಕು, ಇಳಕಲ್ ಸೀರಿ ತಗದು ಇಸ್ತ್ರಿ ಮಾಡಾಕ ನಿಂತಿ! ನಾ ಚಹಾ ಕೇಳಿ ತಾಸಾತು. ಕಿವಿ ಕೆಟ್ಟಾವೇನ ನಿನಗ?"

"ಫೋನ್ ಮಾಡಿದ್ದು ಅಂವ ಅಲ್ಲರಿ. ಕಾಲೇಜಿನ ಆರತಿ ಮೇಡಂ."

"ಮೇಡಂಗ ನಿನ್ನ ನಂಬರ್ ಯಾರ ಕೊಟ್ರು? ಮ್ಯಾಲಿಂದ ಬಿತ್ತೇನ?"

"ಶಶಿ ಕೊಟ್ಟಾನ. ಕೊಟ್ರೇನಾತು? ಚಹಾ ಬಗೋಣ್ಯಾಗ ಐತಿ, ಸೋಸಿಕೊಂಡು ಕುಡೀರಿ. ನನ್ನ ಕೈ ತೆರವಿಲ್ಲ."

ಶಾಂತಯ್ಯ ಚಹಾ ಸೋಸಿಕೊಳ್ಳಲಿಲ್ಲ. ಬಗೋಣಿ ಎತ್ತಿ ಮೋರಿಗೆ ಸುರಿದ. ಉಣಕಲ್ಲಿನ ಆ ಓಣಿಯಲ್ಲಿ ಅವನಷ್ಟು ಬೇಗ ಸಿಟ್ಟಿಗೇಳುವವರು ಇನ್ನೊಬ್ಬರಿರಲಿಲ್ಲ. ಅವನ ಹೆಂಡತಿ ದಾಕ್ಷಾಯಿಣಿ ತಿರುಗಿಯೂ ನೋಡದೆ ಸೀರೆಯ ಸೆರಗಿನ ಮೇಲೆ ನೀರು ಚಿಮುಕಿಸಿದಳು. ಇಸ್ತ್ರಿ ಚುಂಯ್ ಎಂದಿತು.

ಜಗಳ ಒಂದು ಹಳೆಯ ಲೇಥ್ ಮಶೀನಿನದು. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆರತಿ ಎಂಬ ಪ್ರಾಧ್ಯಾಪಕಿ ಈ ಭಾಗದ ಹಳೆಯ ಗಣಕಯಂತ್ರಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸುತ್ತಿದ್ದರು. ತಾರಿಹಾಳದ ಕೈಗಾರಿಕಾ ಪ್ರದೇಶದ ತನ್ನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ, ಒಂದು ಕಾಲಕ್ಕೆ ಗಣಕದ ಬೋರ್ಡಿನಿಂದ ತಿರುಗುತ್ತಿದ್ದ ಲೇಥನ್ನು ಅವರು ಕೇಳಿದಾಗ ಶಾಂತಯ್ಯ ಹಿಗ್ಗಿನಿಂದಲೇ ಕೊಟ್ಟಿದ್ದ. ಲೇಥಿನ ಬೆನ್ನಿಗೆ ಹೆಂಡತಿಯನ್ನೂ ಕೇಳುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

ಆ ಮಶೀನು ಮಾಡಿದ್ದು ತೊಂಬತ್ತನಾಲ್ಕರಲ್ಲಿ. ಆಗ ಶಾಂತಯ್ಯ ಹಿತ್ತಾಳೆ ಸರಳು ಕೊರೆದು ವಾಲ್ವಿನ ಬಿಡಿಭಾಗ ಮಾಡುತ್ತಿದ್ದ. ಅವನ ಊರಿನವನೇ ಆದ ಶಶಿಕುಮಾರ ಡಿಪ್ಲೊಮಾ ಮುಗಿಸಿಕೊಂಡು ಒಂದು ದಿನ ಹಸಿರು ಬೋರ್ಡೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದ. ಬೋರ್ಡಿನ ಮೇಲೆ ಅಂಕಿಗಳ ಗುಂಡಿ, ಕೆಲವು ಇಂಗ್ಲಿಷ್ ಅಕ್ಷರದ ಗುಂಡಿ, ಮೇಲೆ ಕೆಂಪಗೆ ಹೊಳೆಯುವ ಅಂಕಿ. "ಅಣ್ಣಾ, ನಿಮ್ಮ ಲೇಥ್ ಇದು ತಿರಗಸತೈತಿ. ಕೈ ಹಚ್ಚೂದು ಬ್ಯಾಡ," ಅಂದ. ಶಾಂತಯ್ಯ ನಕ್ಕ. ಆದರೂ ಬಿಡಲಿಲ್ಲ. ತಿಂಗಳುಗಟ್ಟಲೆ ಕೂತು ಸ್ಕ್ರೂ, ಗೇರು, ಮೋಟಾರು ಕೂಡಿಸುವ ಕಟ್ಟು, ಎಲ್ಲ ತಾನೇ ಮಾಡಿದ. ಶಶಿಕುಮಾರ ವೈರು ಜೋಡಿಸಿದ.

ಕಡೆಗೆ ಉಳಿದದ್ದು ಒಂದೇ ಕೆಲಸ. ಎಷ್ಟು ಸರಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಆ ಬೋರ್ಡಿಗೆ ಹೇಳಬೇಕು. ಅದಕ್ಕೆ ಅಂಕಿ, ಅಕ್ಷರಗಳನ್ನು ಜೋಡಿ ಜೋಡಿಯಾಗಿ, ಸಾಲುಗಟ್ಟಲೆ ಒತ್ತಬೇಕು. ಒತ್ತಿದ್ದೆಲ್ಲ ಕರೆಂಟ್ ಇರುವ ತನಕ ಮಾತ್ರ ನೆನಪು. ಕರೆಂಟ್ ಹೋಯಿತೋ, ಬೋರ್ಡು ಎಲ್ಲ ಮರೆಯಿತು. ಮತ್ತೆ ಮೊದಲಿನಿಂದ. ಆಗಿನ ತಾರಿಹಾಳದಲ್ಲಿ ಕರೆಂಟ್ ಯಾವಾಗ ಇರುತ್ತಿತ್ತು ಅನ್ನುವುದೇ ದೊಡ್ಡ ಪ್ರಶ್ನೆ.

ಕಾಗದ ನೋಡುತ್ತ ಒತ್ತಿದರೆ ಶಶಿಕುಮಾರನಿಗೆ ತಪ್ಪುತ್ತಿತ್ತು. ಬುತ್ತಿ ತಂದಿದ್ದ ದಾಕ್ಷಾಯಿಣಿಗೆ ಕಾಗದ ಕೊಟ್ಟು, "ವೈನಿ, ನೀವು ಓದ್ರಿ, ನಾ ಒತ್ತತೇನಿ," ಅಂದ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ತವರೂರು ಯರಗುಪ್ಪಿಯ ಸಾಲಿಯಲ್ಲಿ ಮಗ್ಗಿ ಹೇಳಿದ ರಾಗದಲ್ಲೇ ಆಕೆ ಅದನ್ನು ಓದಿದಳು. ಕೆಲವೇ ದಿನಗಳಲ್ಲಿ ಕಾಗದ ಬೇಕಾಗಲಿಲ್ಲ.

"ಮೂರ ಇ."

"ಹೂಂ."

"ಎಂಟ ಸೊನ್ನಿ."

"ಹೂಂ."

"ಡಿ ಮೂರ."

"ಹೂಂ."

ಕಥೆ ಹೇಳುವವರ ಮುಂದೆ ಹೂಂಗುಟ್ಟುವವರು ಒಬ್ಬರು ಬೇಕಲ್ಲ, ಹಾಗೆ. ಶಶಿಕುಮಾರನ ಹೂಂ ಬಂದರೆ ಆಕೆಯ ಬಾಯಿಗೆ ಮುಂದಿನದು ತಾನೇ ಬರುತ್ತಿತ್ತು. ಶಾಂತಯ್ಯ ಹಿತ್ತಾಳೆ ಸರಳು ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದ. ಒಮ್ಮೆ ತಾನೂ ಒತ್ತಿ ನೋಡಬೇಕೆಂದು ಕೈ ಚಾಚಿದ. "ಅಣ್ಣಾ, ಕೈಗೆ ಎಣ್ಣಿ ಐತ್ರಿ, ಮುಟ್ಟಬ್ಯಾಡ್ರಿ," ಅಂದ ಶಶಿಕುಮಾರ. ದಾಕ್ಷಾಯಿಣಿ ನಕ್ಕಳು. ಅಷ್ಟೇ. ಆ ಮಾತು ಅವನ ಎದೆಯಲ್ಲಿ ಕೂತದ್ದು ಏಳಲೇ ಇಲ್ಲ.

ಅಕ್ಕಪಕ್ಕದ ಶೆಡ್ಡಿನ ಜನ ಬಂದು ತಾನೇ ತಿರುಗುವ ಲೇಥನ್ನು ಬಾಯಿ ತೆರೆದು ನೋಡುತ್ತಿದ್ದರು. ಶಾಂತಯ್ಯ ಮಾತ್ರ ಇವರಿಬ್ಬರನ್ನು ನೋಡುತ್ತಿದ್ದ. ಇಬ್ಬರ ನಡುವೆ ಏನೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು. ಏನಾದರೂ ಇದ್ದಿದ್ದರೆ ಹಿಡಿದು ಬಡಿಯಬಹುದಿತ್ತು. ಹೂಂ ಅಂದದ್ದಕ್ಕೆ ಯಾರನ್ನು ಬಡಿಯುವುದು?

ಆಮೇಲೆ ಶಶಿಕುಮಾರ ಮರೆಯದ ಬೋರ್ಡು ಮಾಡಿದ. ಹೇಳುವವರು ಬೇಡವಾದರು. ದಾಕ್ಷಾಯಿಣಿ ಶೆಡ್ಡಿಗೆ ಬರುವುದು ನಿಂತಿತು. ಶಾಂತಯ್ಯನಿಗೆ ನೆಮ್ಮದಿಯಾಯಿತು. ಶಶಿಕುಮಾರ ಗೋಕುಲ ರೋಡಿನಲ್ಲಿ ಸ್ವಂತ ಕಾರಖಾನೆ ಹಾಕಿದ. ನೋಡನೋಡುತ್ತ ತಾರಿಹಾಳದ ಶೆಡ್ಡುಗಳಿಗೆಲ್ಲ ಕಂಪ್ಯೂಟರ್ ಮಶೀನು ಬಂದವು. ಹಿಡಿಕೆ ತಿರುಗಿಸಿ ರಟ್ಟೆ ಬೆಳೆಸಿದ್ದ ಗಂಡಸರು ಆಟೋ ಹತ್ತಿದರು, ತರಕಾರಿ ಗಾಡಿ ತಳ್ಳಿದರು. ಅವರು ನಿಲ್ಲುತ್ತಿದ್ದ ಜಾಗದಲ್ಲಿ ಐಟಿಐ ಓದಿದ ಹುಡುಗಿಯರು ನಿಂತು ಗುಂಡಿ ಒತ್ತತೊಡಗಿದರು. ಈಗ ಶಾಂತಯ್ಯನ ಶೆಡ್ಡಿನಲ್ಲೂ ನೂಲ್ವಿಯಿಂದ ಬರುವ ಇಬ್ಬರು ಹುಡುಗಿಯರದೇ ಕಾರುಬಾರು. "ತಾರಿಹಾಳದ ನಸೀಬ ಬದಲ ಮಾಡಿದ್ದು ಶಶಿಕುಮಾರ ಸಾಹೇಬ್ರು," ಎಂದು ಜನ ಶಾಂತಯ್ಯನೆದುರೇ ಹೇಳುತ್ತಿದ್ದರು. ಅವನು ಎಲೆ ಅಡಿಕೆ ಉಗುಳಿ ಎದ್ದು ಹೋಗುತ್ತಿದ್ದ.

ಈಗ ಕಾಲೇಜಿನ ಹುಡುಗರು ಲೇಥು, ಮರೆಯುವ ಆ ಹಳೆಯ ಬೋರ್ಡು ಎರಡನ್ನೂ ರಿಪೇರಿ ಮಾಡಿದ್ದರು. ಆದರೆ ಅದಕ್ಕೆ ಹೇಳುವುದು ಏನು? ಕಾಗದ ಯಾವತ್ತೋ ಗೆದ್ದಲಿಗೆ ಹೋಗಿತ್ತು. ಶಶಿಕುಮಾರನನ್ನು ಕೇಳಿದರೆ, "ನನ್ನ ತಲಿಯೊಳಗ ಇದ್ದಿದ್ದು ಹೊಸಾ ಮಶೀನ್ ಬಂದಂಗ ಅಳಿಸಿ ಹೋತರಿ. ನಮ್ಮ ವೈನೀನ ಕೇಳ್ರಿ," ಅಂದಿದ್ದ.

"ಹೇಳ ನೋಡೂಣು," ಅಂದ ಶಾಂತಯ್ಯ, ಖಾಲಿ ಬಗೋಣಿ ಕುಕ್ಕಿ. "ನನ್ನ ಮುಂದ ಹೇಳು. ಹೂಂ ನಾ ಅಂತೇನಿ."

ದಾಕ್ಷಾಯಿಣಿ ಇಸ್ತ್ರಿ ಆರಿಸಿದಳು. ಕಣ್ಣು ಮುಚ್ಚಿದಳು. "ಮೂರ ಇ."

"ಹೂಂ!"

"ಎಂಟ ಸೊನ್ನಿ."

"ಹೂಂ!"

"ಡಿ ಮೂರ... ಡಿ ಮೂರ..." ಆಕೆ ಕಣ್ಣು ತೆರೆದಳು. "ನೀವು ಹೂಂ ಅಂದ್ರ ಬೈದಂಗ ಆಗತೈತ್ರಿ. ಮುಂದಿಂದು ಹಾರಿ ಹೋಗತೈತಿ."

"ಅಂವಾ ಅಂದ್ರ ಹಾರೂದಿಲ್ಲೇನ?"

ಆಕೆ ಸೀರೆ ಮಡಚಿದಳು.

"ಹೋಗೂದಿದ್ರ ಹೋಗೂಣು. ಗುಂಡಿ ನಾ ಒತ್ತಾಂವ. ಲೇಥ್ ನಂದು, ಹೇಣ್ತಿ ನನ್ನಾಕಿ. ನಡಕ ಅಂವನ ಬೆರಳ ಯಾಕ ಬೇಕು?"

"ನೀವ ಒತ್ತರಿ," ಅಂದಳು ದಾಕ್ಷಾಯಿಣಿ. "ಯಾರರೆ ಒತ್ತರಿ. ಅದು ಇನ್ನೊಮ್ಮೆ ತಿರಗೂದು ನಾ ನೋಡಬೇಕು. ಅಷ್ಟ. ನನ್ನ ಬಾಯಿಂದ ಒಂದ ಮಶೀನ್ ನಡೀತಿತ್ತು ಅಂತ ನನಗ ಒಮ್ಮೊಮ್ಮೆ ಖರೇ ಅನ್ನಸೂದಿಲ್ಲ."

ಕಾಲೇಜಿಗೆ ಹೋಗಬೇಕಿದ್ದ ಶನಿವಾರ ಬೆಳಿಗ್ಗೆ ಶಾಂತಯ್ಯ ಚಿಮಣಿ ಎಣ್ಣೆಯಿಂದ ಕೈ ಉಜ್ಜಿದ. ಆಮೇಲೆ ಸಾಬೂನು, ಆಮೇಲೆ ಲಿಂಬೆಹಣ್ಣಿನ ಸಿಪ್ಪೆ. ಉಗುರಿನ ಸಂದಿಯ ಕಪ್ಪನ್ನೂ ಕಡ್ಡಿಯಿಂದ ಕೆದಕಿ ತೆಗೆದ. ಮದುವೆಯ ದಿನವೂ ಅವನ ಕೈ ಅಷ್ಟು ಬೆಳ್ಳಗೆ ಇರಲಿಲ್ಲ.

ಕಾಲೇಜಿನಲ್ಲಿ ಶಶಿಕುಮಾರ ಬಾಗಿಲಿಗೇ ಬಂದು ಅವನ ಕಾಲು ಮುಟ್ಟಿದ. ತಲೆ ಪೂರಾ ಬೆಳ್ಳಗಾಗಿತ್ತು. "ಆರಾಮ ಅದೀರಿಲ್ಲೋ ಅಣ್ಣಾ? ಏನ ವೈನಿ, ಬುತ್ತಿ ತಂದೀರಿಲ್ಲೋ?"

"ತಂದಿದ್ನೆಪಾ, ದಾರ‍್ಯಾಗ ನಿಮ್ಮ ಅಣ್ಣಾರ ತಿಂದ್ರು," ಅಂದಳು ದಾಕ್ಷಾಯಿಣಿ. ಇಬ್ಬರೂ ನಕ್ಕರು. ಶಾಂತಯ್ಯ ನಗಲಿಲ್ಲ.

ಆರತಿ ಮೇಡಂ ನಾಲ್ಕು ಮಾತಾಡಲು ಹೇಳಿದಾಗ ಶಶಿಕುಮಾರ, "ಕಬ್ಬಿಣ ನಮ್ಮ ಅಣ್ಣಂದು, ಬಾಯಿ ನಮ್ಮ ವೈನೀದು. ನಂದು ಬರೇ ಬೆರಳು," ಅಂದ. ಹುಡುಗರು ಚಪ್ಪಾಳೆ ತಟ್ಟಿದರು. ಶಾಂತಯ್ಯನ ಮೈ ಉರಿಯಿತು. ತನ್ನ ಕಬ್ಬಿಣ ತನಗೆ ಹಂಚಿಕೊಡಲು ಇವನು ಯಾರು?

"ಬೆರಳೂ ಇವತ್ತ ನಂದ," ಎಂದು ಅವನು ಕುರ್ಚಿ ಎಳೆದು ಬೋರ್ಡಿನ ಮುಂದೆ ಕೂತ. ಕೈಯೆರಡನ್ನೂ ಎತ್ತಿ ಶಶಿಕುಮಾರನಿಗೆ ತೋರಿಸಿದ. "ನೋಡು. ಎಣ್ಣಿ ಇಲ್ಲ."

ಶಶಿಕುಮಾರನಿಗೆ ಏನೂ ತಿಳಿಯಲಿಲ್ಲ. ಅವನಿಗೆ ಆ ಮಾತು ನೆನಪೇ ಇರಲಿಲ್ಲ.

ದಾಕ್ಷಾಯಿಣಿ ಸುರು ಮಾಡಿದಳು. ಶಾಂತಯ್ಯ ಪ್ರತಿ ಅಕ್ಷರವನ್ನೂ ಹುಡುಕಿ ಒತ್ತಬೇಕು. ದಪ್ಪ ಬೆರಳು, ಸಣ್ಣ ಗುಂಡಿ. ಒಂದಕ್ಕೆ ಇಟ್ಟರೆ ಎರಡು ಇಳಿಯುತ್ತಿದ್ದವು. ಆಕೆ ತಡೆದು ನಿಲ್ಲುತ್ತಿದ್ದಳು, ರಾಗ ತುಂಡಾಗುತ್ತಿತ್ತು, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಹೇಗೋ ಕೊನೆ ಮುಟ್ಟಿಸಿದರು. ಚಾಲೂ ಮಾಡಿದರೆ ಲೇಥು ಒಮ್ಮೆ ಮೈ ಕೊಡವಿ ನಿಂತುಬಿಟ್ಟಿತು. ಹಿಂದೆ ಯಾರೋ ಕಿಸಕ್ಕೆಂದರು.

"ನೀ ತಪ್ಪ ಹೇಳಿದಿ!" ಎಂದು ಶಾಂತಯ್ಯ ಎಲ್ಲರ ಮುಂದೆ ಚೀರಿದ. "ತಲಿ ಎಲ್ಲಿಟ್ಟಿ? ತೊದಲಾಕತ್ತೀಯಲ್ಲ!"

ದಾಕ್ಷಾಯಿಣಿಯ ಮುಖ ಕೆಂಪಾಯಿತು. ಗಂಡನಿಂದ ಮುಖ ತಿರುಗಿಸಿದಳು. ಆಮೇಲೆ, "ಶಶಿ, ನೀ ಕುಂದರಪಾ," ಅಂದಳು.

"ಅಣ್ಣಾ... ಕುಂದರಲ್ಯಾ?"

ಕೋಣೆಯ ತುಂಬ ಮಂದಿ ನೋಡುತ್ತಿದ್ದರು. ಶಾಂತಯ್ಯ ಏಳಲೇಬೇಕಾಯಿತು.

"ಮೂರ ಇ."

"ಹೂಂ."

"ಎಂಟ ಸೊನ್ನಿ."

"ಹೂಂ."

ಎಲ್ಲೂ ತಡೆಯಲಿಲ್ಲ. ಆಕೆಯ ದನಿ ಮಗ್ಗಿಯ ರಾಗಕ್ಕೆ ಬಿತ್ತು. ಹೂಂ ಸಣ್ಣಗೆ, ಸರಿಯಾದ ಜಾಗಕ್ಕೆ ಬಂದು ಕೂಡುತ್ತಿತ್ತು. ಹುಡುಗರು ಮೊಬೈಲ್ ಎತ್ತಿ ಹಿಡಿದರು. ಕಿಸಕ್ಕೆಂದವನೂ ಸುಮ್ಮನಾದ. ಕೊನೆಯ ಜೋಡಿ ಒತ್ತಿ ಶಶಿಕುಮಾರ ಕೈ ತೆಗೆದ. ಲೇಥು ತಿರುಗಿತು. ತಾನೇ ಮುಂದೆ ಸರಿಯಿತು, ತಾನೇ ಹಿಂದೆ ಬಂತು. ಹಿತ್ತಾಳೆಯ ಸುರುಳಿ ಬಂಗಾರದ ಹಾಗೆ ಎದ್ದು ಕೆಳಗೆ ಬಿತ್ತು.

ದಾಕ್ಷಾಯಿಣಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗು ಶಾಂತಯ್ಯನ ಮನೆಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಶಶಿಕುಮಾರನೂ ನಗುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಇಬ್ಬರೂ ಮಶೀನು ನೋಡುತ್ತಿದ್ದರು. ಶಾಂತಯ್ಯನನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ.

ಅವನು ಬಗ್ಗಿ ಗೋಡೆಯ ಪ್ಲಗ್ಗು ಕಿತ್ತ.

ಲೇಥು ಕುಂಯ್ಗುಟ್ಟಿ ನಿಂತಿತು. ಬೋರ್ಡಿನ ಕೆಂಪು ಅಂಕಿಗಳು ಆರಿದವು.

"ಕರೆಂಟ್ ಹೋತು," ಅಂದ ಶಾಂತಯ್ಯ.

ಯಾರೋ ಚೇಷ್ಟೆ ಎಂದು ತಿಳಿದು ನಕ್ಕರು. ಶಶಿಕುಮಾರನೂ ಹಾಗೇ ತಿಳಿದ. "ತಾರಿಹಾಳ ನೆನಪ ಮಾಡಿಕೊಟ್ರಿ ನೋಡ್ರಿ ಅಣ್ಣಾ. ನಡೀರಿ ವೈನಿ, ಮತ್ತ ಮೊದಲಿಂದ."

ದಾಕ್ಷಾಯಿಣಿ ಗಂಡನ ಕೈಯಲ್ಲಿದ್ದ ವೈರನ್ನು ನೋಡಿದಳು. ಆಕೆಗೆ ಅದು ಚೇಷ್ಟೆ ಎನ್ನಿಸಲಿಲ್ಲ. "ಹಚ್ಚರಿ ಅದನ್ನ," ಅಂದಳು ಮೆಲ್ಲಗೆ. "ನಿಮ್ಮ ಕೈಲೇನ ಹಚ್ಚರಿ. ಇನ್ನೊಮ್ಮೆ ಹೇಳು ಅಂತ ನೀವ ಅನ್ರಿ. ಹೇಳತೇನಿ. ಎಷ್ಟ ಸಲಾ ಬೇಕಾದ್ರೂ ಹೇಳತೇನಿ."

"ನಾ ಯಾಕ ಅನ್ನಲಿ? ಹೂಂ ಅನ್ನಾಂವ ಅಲ್ಲೆ ಕುಂತಾನಲ್ಲ, ಅಂವಗ ಹೇಳು."

ಆರತಿ ಮೇಡಂ ಗಾಬರಿಯಿಂದ, "ಇರಲಿ ಬಿಡ್ರಿ ಅಮ್ಮಾ. ಹುಡುಗರು ಪೂರಾ ರೆಕಾರ್ಡ್ ಮಾಡ್ಯಾರ. ನಿಮ್ಮ ದನಿ ಹಚ್ಚಿ ನಾವ ಒತ್ತತೇವಿ. ನಿಮಗ ತ್ರಾಸ ಬ್ಯಾಡ," ಅಂದರು.

"ಪೂರಾ ಬಂದೈತೇನ್ರಿ?"

"ಪೂರಾ ಬಂದೈತ್ರಿ."

"ಹಂಗಾದ್ರ ಛಲೋ ಆತು," ಅಂದಳು ದಾಕ್ಷಾಯಿಣಿ. "ನನ್ನ ಕೆಲಸಾ ಮುಗೀತು." ಕುರ್ಚಿಯ ಮೇಲಿದ್ದ ಚೀಲ ತೆಗೆದುಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು. ಹಿಂದೆ ನೋಡಲಿಲ್ಲ.

ಶಾಂತಯ್ಯ ವೈರನ್ನು ನೆಲಕ್ಕೆ ಬಿಟ್ಟ. ಆಮೇಲೆ ಬೈಕ್ ಹತ್ತಿ ಉಣಕಲ್ಲಿಗೆ ಹೊಡೆದ. ಮನೆಗೆ ಬೀಗ. ಆಕೆ ಬಸ್ಸಿಗೆ ಬರುತ್ತಾಳೆ ಎಂದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಹೋಗಿ, ಟಿಕೀಟು ತೆಗೆಸಿ ಒಳಗೆ ನಿಂತ. ಏನು ಅನ್ನಬೇಕೆಂದು ಯೋಚಿಸಿದ. ಬೈಗುಳ ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ.

ಬಸ್ಸು ಬಂತು. ದಾಕ್ಷಾಯಿಣಿ ಕಿಡಕಿಯ ಪಕ್ಕ ಕೂತಿದ್ದಳು. ಬಾಗಿಲು ತೆರೆಯಿತು, ನಾಲ್ಕು ಮಂದಿ ಇಳಿದರು. ಆಕೆ ಏಳಲಿಲ್ಲ. ಧಾರವಾಡದಾಚೆ ಕೆಲಗೇರಿಯಲ್ಲಿ ಆಕೆಯ ತಂಗಿ ಬಾಳವ್ವ ಇದ್ದಳು.

ಶಾಂತಯ್ಯ ಗಾಜಿಗೆ ಕೈ ಬಡಿದ. ಇನ್ನೂ ಬೆಳ್ಳಗೇ ಇದ್ದ ಕೈ. "ಏ, ಇಳಿ! ಊರ ಬಂತು. ಕೇಳಸಲಿಲ್ಲೇನ? ಇಳಿ ಅಂದೆ!"

ಆಕೆ ಅವನನ್ನು ನೋಡಿದಳು. ಹೂಂ ಅನ್ನಲಿಲ್ಲ.

ಬಾಗಿಲು ತಾನೇ ಮುಚ್ಚಿಕೊಂಡಿತು. ಬಸ್ಸು ಧಾರವಾಡದ ಕಡೆ ಹೋಯಿತು. ದಾಕ್ಷಾಯಿಣಿ ಆ ಮನೆಗೆ ಮತ್ತೆ ಬರಲಿಲ್ಲ.