ಕಸೂತಿ ಮಿಷನ್ನಿನ ಲ್ಯಾಪ್‌ಟಾಪ್

ಕಮಲಾಕ್ಷಮ್ಮ ತಂದಿಟ್ಟ ಲ್ಯಾಪ್‌ಟಾಪಿನ ಭಾರಕ್ಕೆ ಮೇಜಿನ ಮೇಲಿದ್ದ ಸ್ಕ್ರೂ ಡಬ್ಬಿಯೇ ಅದುರಿತು. ಇಪ್ಪತ್ತು ವರ್ಷದ ಹಿಂದಿನ ಮಾಲು, ಇಟ್ಟಿಗೆಯಂಥ ದಪ್ಪ. ಇಂಥವನ್ನು ಬೇರೆಯವರು ಮುಟ್ಟುವುದಿಲ್ಲವೆಂದೇ ಜನ ಬಸವೇಶ್ವರನಗರದ ಅಡ್ಡರಸ್ತೆಯಲ್ಲಿ ಸೌಮ್ಯಶ್ರೀಯ ರಿಪೇರಿ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು.

"ಆನ್ ಆಗತ್ತೆ ಸೌಮ್ಯಾ. ಒಂದು ಹೂವು ಹೊಲಿಯೋಷ್ಟರಲ್ಲಿ ಠಪ್ ಅಂತ ಆಫ್. ಬ್ಲೌಸ್ ಅರ್ಧಕ್ಕೇ ನಿಲ್ಲತ್ತೆ."

ಚಂದ್ರಾ ಲೇಔಟಿನ ಅವರ ಮನೆಯಲ್ಲಿರುವ ಕಸೂತಿ ಮಿಷನ್ನಿಗೆ ಡಿಸೈನು ಹೋಗುವುದು ಇದೊಂದರಿಂದಲೇ. ಮಿಷನ್ನಿನ ಕೇಬಲ್ಲು ಕೂರುವ ಅಗಲವಾದ ಸಾಕೆಟ್ಟು ಹೊಸ ಲ್ಯಾಪ್‌ಟಾಪುಗಳಲ್ಲಿಲ್ಲ. ಇದು ಹೋದರೆ ಮಿಷನ್ನೂ ಹೋದಂತೆ.

"ಇದೇ ಕೊನೆ ಸಲ ಅಂತ ಅತ್ತೆಗೆ ಹೇಳಿದೀನಿ," ಎಂದಳು ಜೊತೆಗೆ ಬಂದಿದ್ದ ಸೊಸೆ ಸ್ಮೃತಿ. "ಇನ್ನೊಂದ್ಸಲ ಕೆಟ್ರೆ ಎರಡನ್ನೂ ನಾಯಂಡಹಳ್ಳಿ ಗುಜರಿಗೆ ಸಾಗಿಸೋದೇ."

"ನನ್ನನ್ನೂ ತೂಕಕ್ಕೆ ಹಾಕ್ಬಿಡೇ, ನಾಲ್ಕು ಕಾಸು ಜಾಸ್ತಿ ಸಿಗತ್ತೆ."

ಸೌಮ್ಯಶ್ರೀ ನಗಲಿಲ್ಲ. ಹಳೆಯ ಪ್ಲಾಸ್ಟಿಕ್ಕು ಒಣಗಿದ ಹಪ್ಪಳವಿದ್ದಂತೆ. ಅವಸರಿಸಿದರೆ ಕೊಂಡಿ ಮುರಿಯುತ್ತದೆ, ಬದಲಿ ಸಿಗುವುದಿಲ್ಲ. ಹೇರ್ ಡ್ರೈಯರಿನಿಂದ ಅಂಚನ್ನು ಬೆಚ್ಚಗೆ ಮಾಡಿ, ಉಸಿರು ಬಿಗಿಹಿಡಿದು ತಳ ಬಿಚ್ಚಿದಳು.

ಫ್ಯಾನಿನ ರೆಕ್ಕೆಗಳ ಮೇಲೆ ಬೆಳ್ಳಗೆ ಮೆತ್ತಿಕೊಂಡಿತ್ತು. ಮನೆಯ ದೂಳು ಬೂದುಬಣ್ಣಕ್ಕಿರುತ್ತದೆ, ಇಷ್ಟು ಬೆಳ್ಳಗಲ್ಲ. ಬೆರಳಿಗೆ ಹಚ್ಚಿಕೊಂಡು ಮೂಸಿದಳು. ವಿಭೂತಿ! ತಲೆಯೆತ್ತಿದರೆ ಕಮಲಾಕ್ಷಮ್ಮನ ಹಣೆಯ ಮೇಲೆ ಮೂರು ಪಟ್ಟೆ.

ಸೊಸೆಯೆದುರು ಹೇಳಿದರೆ, ಕೆಡಿಸಿದ್ದು ನೀವೇ ಎಂಬ ಮಾತಿಗೆ ದಾರಿಯಾಗುತ್ತದೆ. ಹೇಳದೆ ಬಿಟ್ಟರೆ ಫ್ಯಾನು ಮತ್ತೆ ಕಟ್ಟಿಕೊಂಡು, ಬಿಸಿಗೆ ಒಳಗಿನ ಬೋರ್ಡೇ ಸುಡುತ್ತದೆ.

"ಸ್ಮೃತಿ, ಪಕ್ಕದ ದರ್ಶಿನಿ ಹೋಟೆಲಿಂದ ಮೂರು ಕಾಫಿ ತರ್ತೀರಾ? ನನ್ನ ಕೈಯೆಲ್ಲ ಗಲೀಜು."

ಅವಳು ಹೋದ ಮೇಲೆ ಸೌಮ್ಯಶ್ರೀ ಮಾತನ್ನು ಅಳೆದು ತೂಗಿದಳು. "ಆಂಟಿ, ಬೇಜಾರು ಮಾಡ್ಕೋಬೇಡಿ. ಪೂಜೆ ತಪ್ಪು ಅಂತಲ್ಲ. ವಿಭೂತಿ ಪುಡಿಯನ್ನ ಫ್ಯಾನು ಒಳಗೆ ಎಳ್ಕೊಂಡುಬಿಡತ್ತೆ."

"ನಾನು ಹಚ್ಚೋದು ಮಿಷನ್ನಿಗೆ ಮಾತ್ರ ಕಣಮ್ಮ," ಎಂದರು ಕಮಲಾಕ್ಷಮ್ಮ ಬೆರಗಾಗಿ. "ಇದನ್ನ ಮುಟ್ಟೋಕೂ ನಂಗೆ ಭಯ."

ಕಾಫಿ ಹಿಡಿದು ಬಂದ ಸ್ಮೃತಿ ಬಿಚ್ಚಿಟ್ಟ ಫ್ಯಾನನ್ನು ನೋಡಿ ಅಲ್ಲೇ ನಿಂತಳು.

"ಅಯ್ಯೋ, ಅದು ನಾನೇ... ತಳದ ಕಿಂಡೀಲಿ ಗಾಳಿ ಒಳಗೆ ಎಳ್ಕೊಳತ್ತಲ್ಲ, ಅಲ್ಲೇ ಅದರ ಉಸಿರು ಇರೋದು ಅಂತ ಸೋಮವಾರ ಸೋಮವಾರ ಹಚ್ತಿದ್ದೆ. ಕೆಡದೆ ಇರ್ಲಿ ಅಂತ."

"ಗುಜರಿಗೆ ಹಾಕ್ತೀನಿ ಅಂತ ಕುಣೀತಿದ್ದೋಳು ನೀನೇ ಅಲ್ವೇನೇ?"

"ಮಿಷನ್ ನಿಂತ ದಿನ ನೀವು ಊಟಾನೇ ಮಾಡಲ್ಲ ಅತ್ತೆ. ಅದನ್ನ ನೋಡಕ್ಕಾಗದೆ ಹಂಗಂತಿದ್ದೆ."

ಕಮಲಾಕ್ಷಮ್ಮ ಕಾಫಿಯ ಲೋಟವನ್ನು ಕೈಗೆ ತೆಗೆದುಕೊಂಡವರು ಕುಡಿಯಲೇ ಇಲ್ಲ.

ಯಾರನ್ನು ಯಾರಿಂದ ಕಾಪಾಡಲು ಹೊರಟಿದ್ದೆ ಎಂದು ಸೌಮ್ಯಶ್ರೀಗೆ ನಾಚಿಕೆಯಾಯಿತು. ತಲೆತಗ್ಗಿಸಿ ಬ್ರಷ್ಷಿನಿಂದ ರೆಕ್ಕೆರೆಕ್ಕೆಯನ್ನೂ ಉಜ್ಜಿದಳು, ಚಿಪ್ಪಿನ ಬಿಸಿ ಇಳಿಸಲು ಹಚ್ಚಿ ಒಣಗಿದ್ದ ಪೇಸ್ಟು ಕೆರೆದು ಹೊಸದು ಹಚ್ಚಿದಳು, ಜೋಡಿಸಿ ಆನ್ ಮಾಡಿದಳು. ಹೂವಿನ ಡಿಸೈನು ಪರದೆಯ ಮೇಲೆ ಮೂಡಿತು; ಕಾಫಿ ಆರಿ ತಣ್ಣಗಾದರೂ ಲ್ಯಾಪ್‌ಟಾಪು ಆಫ್ ಆಗಲಿಲ್ಲ.

"ಸೋಮವಾರ ಏನು ಮಾಡ್ಲಿ ಹಾಗಾದ್ರೆ?" ಎಂದಳು ಸ್ಮೃತಿ ಮೆಲ್ಲಗೆ.

"ಮಿಷನ್ನಿಗೆ ನೀನೇ ಹಚ್ಚು," ಎಂದರು ಕಮಲಾಕ್ಷಮ್ಮ. "ಇದಕ್ಕೆ ಇಬ್ರೂ ದೂರದಿಂದ ಕೈ ಮುಗಿಯೋಣ."